ಸರ್ವರ್ ಊರಲ್ಲಿಲ್ಲ

ನಮ್ಮ ಮನೆಯ ಕಂಪ್ಯೂಟರು ಒಮ್ಮೆ ಹನ್ನೆರಡು ದಿನ ಮೌನವಾಗಿತ್ತು. ಇಪ್ಪತ್ತು ದಿನ ಎನ್ನುತ್ತಾಳೆ ನನ್ನ ಹೆಂಡತಿ ಶಾರದೆ. ಡೈರಿ ತೆಗೆದು ನೋಡಿದರೆ ಹನ್ನೆರಡು ಎಂದೇ ಇದೆ. ಆದರೆ ಡೈರಿ ಬರೆದವನೂ ನಾನೇ ಆದ್ದರಿಂದ ಆ ಸಾಕ್ಷಿಯನ್ನು ಯಾವ ನ್ಯಾಯಾಲಯವೂ ಒಪ್ಪಲಾರದು. ಎರಡು ಸಾವಿರದ ಮೂರೋ ನಾಲ್ಕೋ ಇರಬೇಕು. ಆಗ ನಾವಿದ್ದ ಬೀದಿಯ ಜನ ವಿಳಾಸ ಬರೆಯುವಾಗ ಇಂದಿರಾನಗರ ಎಂದೂ, ತರಕಾರಿಗೆ ಹೊರಟಾಗ ಹಲಸೂರು ಎಂದೂ ಹೇಳುತ್ತಿದ್ದರು.

ಶಾರದೆಗೆ ರೇಡಿಯೋ ಆಡಿಷನ್ ಹತ್ತಿರ ಬಂದಿತ್ತು. ಹಿಂದೊಮ್ಮೆ ಹೋಗಿ, ಶ್ರುತಿ ನಿಲ್ಲುತ್ತಿಲ್ಲ ಎನ್ನಿಸಿಕೊಂಡು ವಾಪಸು ಬಂದಿದ್ದಳು. ಈ ಸಲವೂ ಆಗದಿದ್ದರೆ ಹಾಡುವುದನ್ನೇ ಬಿಡುತ್ತೇನೆ ಎಂದು ಒಂದು ಸಂಜೆ ಹುರುಳಿಕಾಯಿ ಹೆಚ್ಚುತ್ತಾ, ದನಿ ಏರಿಸದೆ ಹೇಳಿದಳು. ದನಿ ಏರಿಸದೆ ಹೇಳಿದ್ದನ್ನೆಲ್ಲ ಅವಳು ಮಾಡಿಯೇ ತೀರುತ್ತಾಳೆಂಬುದು ನನ್ನ ಅನುಭವ. ಅಂಥ ಹೊತ್ತಿನಲ್ಲೇ ಕರೆಂಟು ಹೋಗಿ ಬಂದು, ಅವಳ ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆ ಸುಟ್ಟುಹೋಯಿತು.

"ರಿಪೇರಿಗೆ ಕೊಟ್ಬನ್ನಿ" ಎಂದಳು.

"ರಿಪೇರಿ ಯಾಕೆ? ಕಂಪ್ಯೂಟರ್ ಇದೆಯಲ್ಲ" ಎಂದೆ ನಾನು.

ಈ ಮಾತಿನ ಹಿಂದೆ ಪ್ರೀತಿ ಎಷ್ಟಿತ್ತು, ಪ್ರದರ್ಶನದ ಆಸೆ ಎಷ್ಟಿತ್ತು ಎಂದು ಈಗ ಅಳೆಯಲಾರೆ. ಪತ್ರಿಕೆಯೊಂದರ ಜೊತೆ ಬಂದ ಸಿ.ಡಿ.ಯಿಂದ ನಾನು ಕಂಪ್ಯೂಟರ್ ನಡೆಸುವ ಲಿನಕ್ಸ್ ಎಂಬ ಪುಕ್ಕಟೆ ತಂತ್ರಾಂಶ ಹಾಕಿಕೊಂಡಿದ್ದೆ. ನಾನು ಕೆಲಸ ಮಾಡುತ್ತಿದ್ದ ವಿಮಾ ಕಚೇರಿಯಲ್ಲಿ ಅದನ್ನು ಹಾಕಿಕೊಂಡವನು ನಾನೊಬ್ಬನೇ ಎಂಬ ಸಂಗತಿ ಅಲ್ಲಿ ಯಾರಿಗೂ ತಿಳಿಯದೆ ಉಳಿದಿರಲಿಲ್ಲ. ನನ್ನ ಯೋಜನೆ ಸರಳವಾಗಿತ್ತು. ಕಂಪ್ಯೂಟರಿನಲ್ಲಿ ಒಂದು ಪ್ರೋಗ್ರಾಂ ತಂಬೂರಿ ನುಡಿಸುತ್ತಿರಬೇಕು, ಇನ್ನೊಂದು ಅವಳ ಗುರುಗಳ ಪಾಠದ ಸಿ.ಡಿ.ಯನ್ನು ಹಾಡಿಸುತ್ತಿರಬೇಕು, ನಡುವೆ ಕೂತು ಶಾರದೆ ಅಭ್ಯಾಸ ಮಾಡಬೇಕು.

ಆದರೆ ಆ ಕಾಲದ ಸೌಂಡ್ ಕಾರ್ಡಿನ ಸ್ವಭಾವ ಮದುವೆಮನೆಯ ಮೈಕಿನದು. ಮೊದಲು ಹಿಡಿದವನು ಬಿಡುವುದಿಲ್ಲ, ಎರಡನೆಯವನಿಗೆ ಸಿಗುವುದಿಲ್ಲ. ತಂಬೂರಿ ಹಿಡಿದರೆ ಗುರುಗಳು ಹೊರಗೆ, ಗುರುಗಳು ಹಿಡಿದರೆ ತಂಬೂರಿ ಹೊರಗೆ. ಈ ಜಗಳ ಬಿಡಿಸಲೆಂದೇ ಇರುವುದು ಸೌಂಡ್ ಸರ್ವರ್. ಅದು ಒಂದು ಪ್ರೋಗ್ರಾಂ ಅಷ್ಟೆ. ಎಲ್ಲರ ದನಿಯನ್ನೂ ತಾನು ಇಸಿದುಕೊಂಡು, ಬೆರೆಸಿ, ಒಂದೇ ಧಾರೆಯಾಗಿ ಸ್ಪೀಕರಿಗೆ ಕೊಡುತ್ತದೆ. ಅದನ್ನು ಮನೆಯ ಯಂತ್ರದಲ್ಲಿ ಪ್ರತಿಷ್ಠಾಪಿಸಲು ಹೊರಟೆ.

ಇಲ್ಲಿ ಒಂದು ಮಾತು ಹೇಳಿಬಿಡಬೇಕು. ನಮ್ಮ ಕಡೆ ಸರ್ವರ್ ಎಂಬುದು ಸಾಮಾನ್ಯ ಪದವಲ್ಲ. ಹೋಟೆಲಿನಲ್ಲಿ ಕೂಗಿದರೆ ಸಾಂಬಾರಿನ ಬಕೆಟ್ ಹಿಡಿದವನು ತಿರುಗಿ ನೋಡುತ್ತಾನೆ. ಕೊನೆಗೊಂದು ಉಕಾರ ಸೇರಿಸಿದರೆ ಸಂಸ್ಕೃತದ ಗತ್ತಿನಿಂದ 'ಎಲ್ಲರೂ' ಎಂದಾಗುತ್ತದೆ. ಶಿವಾಜಿನಗರಕ್ಕೆ ಹೋದರೆ ಅದೇ ಪದಕ್ಕೆ ಉರ್ದುವಿನಲ್ಲಿ ನಾಯಕ ಎಂಬ ಅರ್ಥ. ಬಡಿಸುವವನು, ಎಲ್ಲರು, ನಾಯಕ: ಈ ಮೂರೂ ಒಬ್ಬನೇ ಆಗಿದ್ದರೆ ದೇಶ ಎಷ್ಟು ಚೆನ್ನಾಗಿರುತ್ತಿತ್ತು ಎಂದು ನಾನು ಡೈರಿಯಲ್ಲಿ ಒಂದು ಪುಟ ಬರೆದಿದ್ದೇನೆ. ಅದೇ ದಿನಗಳ ಪುಟಗಳಲ್ಲಿ ಆಡಿಷನ್ನಿನ ತಾರೀಕು ಎಲ್ಲೂ ಇಲ್ಲ. ಇದನ್ನು ಓದಿದಾಗ ನನಗೇ ನಾಚಿಕೆಯಾಯಿತು.

ಸರ್ವರ್ ಏನೋ ಎದ್ದು ನಿಂತಿತು. ಆದರೆ ಸ್ಪೀಕರಿನಿಂದ ಪಿಟ್ ಎಂಬ ಸದ್ದೂ ಇಲ್ಲ. ಕಂಪ್ಯೂಟರನ್ನು ಜೋಡಿಸಿಕೊಟ್ಟಿದ್ದ ಶಿವಾಜಿನಗರದ ನಜೀರ್ ಭಾಯಿಗೆ ಕಚೇರಿಯಿಂದ ಫೋನ್ ಮಾಡಿದೆ.

"ನಜೀರ್ ಭಾಯ್, ಸರ್ವರ್ ಮಾತೇ ಆಡ್ತಿಲ್ಲ."

"ಹೌದಾ ಸಾರ್? ನಮ್ ಹತ್ರಾನೂ ಆಡ್ತಿಲ್ಲ. ಹೆಂಡ್ತಿ ಕಡೆ ಮದುವೆ ಅಂತ ಕೋಲಾರಕ್ಕೆ ಹೋಗವ್ನೆ. ಸರ್ವರ್ ಊರಲ್ಲಿಲ್ಲ ಸಾರ್."

ಸರ್ವರ್ ಎಂಬುದು ಅವರ ತಮ್ಮನ ಹೆಸರೆಂದು ತಿಳಿಯುವಷ್ಟರಲ್ಲಿ ನಾವು ಕೋಲಾರದ ಮದುವೆಯ ಊಟದವರೆಗೆ ಹೋಗಿಬಿಟ್ಟಿದ್ದೆವು. ಕೊನೆಗೆ ಅವರು ನಕ್ಕು, "ಟೆನ್ಶನ್ ನಕ್ಕೋ ಸಾರ್, ತಲೆ ಕೆಡಿಸ್ಕೋಬೇಡಿ, ಭಾನುವಾರ ನಾನೇ ಬರ್ತೀನಿ" ಎಂದರು.

ಭಾನುವಾರದವರೆಗೂ ನಾನು ಸುಮ್ಮನಿರಲಿಲ್ಲ. ದನಿಯ ಮಟ್ಟ ತೋರಿಸುವ ಪರದೆಯೊಂದಿತ್ತು. ಸಾಲಾಗಿ ಕಂಬಗಳು, ಪ್ರತಿಯೊಂದರ ಕೆಳಗೆ ಎಂ ಎಂ ಎಂಬ ಎರಡು ಇಂಗ್ಲಿಷ್ ಅಕ್ಷರ. ಮಲ್ಟಿಮೀಡಿಯಾ! ಯಂತ್ರ ದನಿಯ ಎಲ್ಲ ದಾರಿಗಳನ್ನೂ ಗುರುತಿಸಿದೆ ಎಂದು ಹಿಗ್ಗಿದೆ. ಒಂದು ಕಂಬದ ಕೆಳಗೆ ಮಾತ್ರ ಸೊನ್ನೆ ಸೊನ್ನೆ ಎಂದಿತ್ತು. ಪಾಪ, ಇದೊಂದು ಹಿಂದೆ ಬಿದ್ದಿದೆ ಎಂದುಕೊಂಡು ಅದನ್ನೂ ಎಂ ಎಂ ಮಾಡಿದೆ. ಆಮೇಲೆ ಎಲ್ಲ ಕಂಬಗಳನ್ನೂ ತುದಿಯವರೆಗೆ ಏರಿಸಿ, ಶಾರದೆಯನ್ನು ಕರೆದು ತೋರಿಸಿದೆ.

"ನೋಡೋಕೆ ಚೆನ್ನಾಗಿದೆ" ಎಂದಳು.

ನಜೀರ್ ಭಾಯಿ ಬಂದವರು ಕುರ್ಚಿಯಲ್ಲಿ ಕೂರಲೂ ಇಲ್ಲ. ನಿಂತೇ ಪರದೆ ನೋಡಿ, "ಇದೇನ್ ಸಾರ್, ಎಲ್ರ ಬಾಯೂ ಮುಚ್ಚಿಸಿ ಇಟ್ಬಿಟ್ಟಿದ್ದೀರಿ?" ಎಂದರು.

"ಎಂ ಎಂ ಅಂದ್ರೆ ಮಲ್ಟಿಮೀಡಿಯಾ ಅಲ್ವಾ?"

"ಅರೆ ಸಾರ್, ಮ್ಯೂಟ್! ಒಂದ್ಸಲ ಅಲ್ಲ, ಎರಡೆರಡ್ ಸಲ ಮ್ಯೂಟ್, ಎಡಕ್ಕೊಂದು ಬಲಕ್ಕೊಂದು. ಎಮ್ಮೆ ಓದಿದೋರು ನೀವು!"

ಎಂ.ಎ. ಎಂಬುದನ್ನು ಅವರು ಯಾವಾಗಲೂ ಎಮ್ಮೆ ಎಂದೇ ಹೇಳುತ್ತಿದ್ದರು. ಅವತ್ತು ಅದು ಉಚ್ಚಾರಣೆಯ ದೋಷವೆಂದು ನನಗೆ ಅನಿಸಲಿಲ್ಲ. ಸೊನ್ನೆಯೆಂದರೆ ಬಾಯಿ ತೆರೆದಿದೆ ಎಂದರ್ಥವಂತೆ. ಒಂದೇ ಒಂದು ಬಾಯಿ ತೆರೆದಿತ್ತು, ಅದನ್ನೂ ನಾನೇ ಮುಚ್ಚಿದ್ದೆ.

ಅವರು ಒಂದು ಗುಂಡಿ ಒತ್ತಿದರು. ಕಂಬಗಳೆಲ್ಲ ತುದಿಯಲ್ಲಿದ್ದವಲ್ಲ, ತಂಬೂರಿ ಘರ್ಜಿಸಿತು, ಅದರ ಮೇಲೆ ಗುರುಗಳು ಗುಡುಗಿದರು. ಕಿಟಕಿಯ ಗಾಜು ಅದುರಿತು. ಎರಡೂ ಏಕಕಾಲಕ್ಕೆ! ಸರ್ವರ್ ಕೆಲಸ ಮಾಡುತ್ತಿತ್ತು! ನಾನು ಕುಣಿಯುವುದೊಂದು ಬಾಕಿ.

ಪಕ್ಕದ ಮನೆಯ ರಾಜಮ್ಮ ಕಾಂಪೌಂಡಿನ ಮೇಲೆ ಮುಖ ತೋರಿಸಿದರು. "ಏನ್ ಸಾರ್, ಏರ್‌ಪೋರ್ಟ್ ಬಿಟ್ಟು ಪ್ಲೇನನ್ನ ನಿಮ್ಮನೇಲೇ ಇಳಿಸ್ಬಿಟ್ರಾ? ನಿಮ್ಮನೆಯವರು ನಮ್ಮನೇಲಿ ದಿನಾ ಎಷ್ಟು ಮೆತ್ತಗೆ ಹಾಡ್ತಾರೆ, ಅದನ್ನ ನೋಡಿ ಕಲೀರಿ!"

ನಾನು ಸ್ಪೀಕರಿನ ದನಿ ತಗ್ಗಿಸಿ ಶಾರದೆಯತ್ತ ತಿರುಗಿದೆ. ರಾಜಮ್ಮನವರ ಮನೆಯಲ್ಲಿ ಅವರ ಯಜಮಾನರದೊಂದು ತಿದಿ ಒತ್ತುವ ಹಳೆಯ ಶ್ರುತಿಪೆಟ್ಟಿಗೆ ಇತ್ತಂತೆ. ಪೆಟ್ಟಿಗೆ ಸುಟ್ಟ ಮರುದಿನದಿಂದಲೇ, ನಾನು ಕಚೇರಿಗೆ ಹೊರಟ ಮೇಲೆ, ಅವಳು ಅಲ್ಲಿಗೆ ಹೋಗಿ ಅಭ್ಯಾಸ ಮಾಡುತ್ತಿದ್ದಳಂತೆ.

"ನಂಗೆ ಯಾಕೆ ಹೇಳ್ಲಿಲ್ಲ?"

"ನೀವು ಎಷ್ಟು ಖುಷಿಯಾಗಿದ್ರಿ. ಆಡಿಷನ್ ನನ್ನದು ಅನ್ನೋದೇ ನಿಮಗೆ ಮರೆತಿತ್ತು. ಸರ್ವರ್ ಬರೋ ತನಕ ನಾನು ಕಾಯಕ್ಕಾಗುತ್ತೇನ್ರೀ?"

ನಜೀರ್ ಭಾಯಿ ವಯರುಗಳನ್ನು ಬಹಳ ಶ್ರದ್ಧೆಯಿಂದ ಪರೀಕ್ಷಿಸತೊಡಗಿದರು.

ಅವಳ ಮಾತಿನಲ್ಲಿ ಸಿಟ್ಟಿರಲಿಲ್ಲ. ಚಹಾ ತಂದುಕೊಟ್ಟು, ನನ್ನ ತಂಬೂರಿಯ ಮುಂದೆ ಕೂತು, ಅರ್ಧ ಗಂಟೆ ಹಾಡಿದಳು. ಎಷ್ಟೋ ದಿನಗಳ ಮೇಲೆ ನಾನು ಸುಮ್ಮನೆ ಕೂತು ಕೇಳಿದ್ದು ಅಂದೇ. ಶ್ರುತಿ ಅಲುಗಾಡಲಿಲ್ಲ. ಅದು ನಿಂತದ್ದು ಪಕ್ಕದ ಮನೆಯಲ್ಲಿ ಎಂಬುದನ್ನು ಒಪ್ಪಿಕೊಳ್ಳಲು ನನಗೆ ಚಹಾ ಮುಗಿಯುವಷ್ಟು ಹೊತ್ತು ಬೇಕಾಯಿತು.

ಆಡಿಷನ್ನಿಗೆ ರಜೆ ಹಾಕಿ ಜೊತೆಗೆ ಹೋದೆ. ಹೊರಗಿನ ಬೆಂಚಿನಲ್ಲಿ ಕೂರಿಸಿದರು. ದಪ್ಪ ಬಾಗಿಲು, ಒಳಗಿನದೇನೂ ಕೇಳಿಸಲಿಲ್ಲ. ಒಳಗೆ ಹೋಗಿ ಏನನ್ನಾದರೂ ಸರಿಮಾಡಿ ಬರೋಣವೆಂದು ಕೈ ತುರಿಸುತ್ತಿತ್ತು. ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತೆ.

ಕೆಲವು ವಾರಗಳ ನಂತರ ಕಾಗದ ಬಂತು, ಪಾಸು. ರಾಜಮ್ಮ ಕಾಂಪೌಂಡಿನಾಚೆಯಿಂದ ಏನಾಯಿತೆಂದು ಕೂಗಿ ಕೇಳಿದಾಗ ಮೊದಲು ಬಾಯಿ ಬಿಟ್ಟವನು ನಾನು.

"ನಾವು ಪಾಸಾದ್ವಿ!"

ಶಾರದೆ ಒಂದು ಕ್ಷಣ ನನ್ನ ಮುಖ ನೋಡಿದಳು. ತಿದ್ದಲಿಲ್ಲ.