ಒಂದೇ ಸಾಲಿನ ಆರು ತೂತು

ನಮ್ಮ ದೊಡ್ಡಪ್ಪನದು ತೂತು ಕೊರೆಯುವ ಕೆಲಸ. ಹಾಗೆಂದರೆ ಅವರಿಗೆ ಮೂಗಿನ ತುದಿಯಲ್ಲೇ ಕೋಪ; "ಸ್ವರ ಇಡೋ ಕೆಲಸ ಅನ್ನು" ಎನ್ನುತ್ತಿದ್ದರು. ಪೀಪಿಯಂತೆ ನೆಟ್ಟಗೆ ಹಿಡಿದು ಊದುವ ತಗಡಿನ ಕೊಳಲು ಮಾಡುವ ಕಾರ್ಖಾನೆಯಲ್ಲಿ, ಕಿಟಕಿ ಪಕ್ಕದ ಯಂತ್ರದ ಮುಂದೆ ಕೂತು, ಪ್ರತಿ ಕೊಳವೆಗೂ ಒಂದೇ ಸಾಲಿನಲ್ಲಿ ಆರು ತೂತು. ಮೂವತ್ತೈದು ವರ್ಷ ಅದನ್ನೇ ಮಾಡಿದರು.

ಊದುವುದರಲ್ಲೂ ಅವರ ಶಿಸ್ತು ಅಂದರೆ ಶಿಸ್ತು. ಎಡಗೈ ಮೇಲೆ, ಬಲಗೈ ಕೆಳಗೆ, ಒಂದೊಂದು ಕೈಯದೂ ಮೂರು ಬೆರಳು. ತೂತನ್ನು ಬೆರಳ ತುದಿಯಿಂದಲ್ಲ, ಮೆತ್ತನೆಯ ಭಾಗದಿಂದ ಮುಚ್ಚಬೇಕು. ಹೆಬ್ಬೆರಳು ಅಡಿಯಲ್ಲಿ ಸುಮ್ಮನೆ ಆಧಾರಕ್ಕೆ. ಯಾರಾದರೂ ಬಿಗಿಯಾಗಿ ಹಿಸುಕಿದರೆ "ಅದೇನು ಕಳ್ಳನ ಕುತ್ತಿಗೆಯಾ?" ಎಂದು ಗದರುತ್ತಿದ್ದರು.

ಅವರ ಮಗಳು, ನನ್ನ ಅಕ್ಕ, ಎಡಚಿ. ಒಂಬತ್ತನೇ ವಯಸ್ಸಿಗೇ, ಯಾರೂ ಹೇಳಿಕೊಡದೆ, ಬಲಗೈ ಮೇಲೆ, ಎಡಗೈ ಕೆಳಗೆ ಇಟ್ಟು ಊದುತ್ತಿದ್ದಳು. ಎಷ್ಟು ಚೆನ್ನಾಗಿ ಅಂತೀರಿ! ದೊಡ್ಡಮ್ಮ ಪಾತ್ರೆ ತೊಳೆಯುವುದನ್ನು ನಿಲ್ಲಿಸಿ ಕೇಳುತ್ತಿದ್ದರು. ದೊಡ್ಡಪ್ಪನಿಗೆ ಮಾತ್ರ ಕಂಡದ್ದು ಕೈ.

"ಉಲ್ಟಾ ಹಿಡಿದಿದ್ದೀಯಲ್ಲೇ! ನಾಳೆ ದೊಡ್ಡ ವಾದ್ಯ ಕಲಿಯೋಕೆ ಹೋದ್ರೆ ಜನ ನಗಲ್ವಾ?"

"ಹೀಗೇ ಚೆನ್ನಾಗಿ ಬರುತ್ತಪ್ಪಾ."

ಅವರು ಕೇಳಲಿಲ್ಲ. ಅವಳ ಎಡಗೈಯ ತೋರುಬೆರಳಿಗೆ ದಾರ ಕಟ್ಟಿದರು. ದಾರದ ಬೆರಳು ಮೇಲಿನ ತೂತಿಗೆ. ತಪ್ಪಿದರೆ ಮತ್ತೆ ಮೊದಲಿಂದ. ಇಡೀ ವರ್ಷ ದಿನಾ ಸಂಜೆ ಇದೇ ಗೋಳು. ನಾನು ಪಕ್ಕದಲ್ಲಿ ಹಲ್ಲು ಕಿರಿಯುತ್ತಿದ್ದೆ; ಆ ಪಾಪದಲ್ಲಿ ನನಗೂ ಪಾಲಿದೆ. ಕೊನೆಗೆ ಕೈ ಸರಿಯಾಯಿತು. ಹಾಡು ಮಾತ್ರ ಹೆದರಿ ಹೆದರಿ ಹೊರಬರುತ್ತಿತ್ತು. ಒಂದು ದಿನ ಅವಳು ಕೊಳಲನ್ನು ಅಪ್ಪನ ತೊಡೆಯ ಮೇಲಿಟ್ಟು "ಸಾಕಪ್ಪಾ" ಎಂದಳು. ಮತ್ತೆ ಮುಟ್ಟಲಿಲ್ಲ. "ಹಟಮಾರಿ" ಎಂದು ದೊಡ್ಡಪ್ಪ ಕಂಡಕಂಡವರಿಗೆಲ್ಲ ಹೇಳಿಕೊಂಡು ತಿರುಗಿದರು.

ನಿವೃತ್ತಿಗೆ ನಾಲ್ಕು ತಿಂಗಳಿದ್ದಾಗ ತಲೆ ನರೆತ ವಾದಕಿಯೊಬ್ಬರು ಕೊಳಲು ಆರಿಸಿಕೊಳ್ಳಲು ಕಾರ್ಖಾನೆಗೇ ಬಂದರು. ಬಲಗೈ ಮೇಲಿಟ್ಟು ಊದಿದರು. ಅಕ್ಕಪಕ್ಕದವರು ಯಂತ್ರ ನಿಲ್ಲಿಸಿ ಕಿವಿಗೊಟ್ಟರು. ದೊಡ್ಡಪ್ಪನ ಬಾಯಿ ಸುಮ್ಮನಿರಬೇಕಲ್ಲ!

"ಅಮ್ಮಾ, ನಿಮ್ಮ ಕೈ ಉಲ್ಟಾ ಇದೆ."

ಆಕೆ ಕೊಳಲನ್ನು ಬೆಳಕಿಗೆ ಹಿಡಿದು ನೋಡಿದರು. "ತೂತೆಲ್ಲ ನೆಟ್ಟಗೆ ಒಂದೇ ಸಾಲಲ್ಲಿವೆ. ಯಾವ ಕೈ ಮೇಲಿದ್ರೇನು? ಕೊರೆದೋರು ನೀವೇ ತಾನೆ?"

ಅಂದು ಮನೆಗೆ ಬಂದವರು ಊಟದ ತಟ್ಟೆ ಮುಟ್ಟಲಿಲ್ಲ. "ನನ್ನ ಕೈಯಾರೆ ಕೊರೆದಿದ್ದು ಕಣೋ. ನನಗೇ ಹೊಳೀಲಿಲ್ಲ" ಎಂದರು. ನನಗೆ ಸಿಟ್ಟೂ ಬಂತು, ಪಾಪವೂ ಅನ್ನಿಸಿತು.

ಭಾನುವಾರ ನನ್ನನ್ನೂ ಕರೆದುಕೊಂಡು ಅಕ್ಕನ ಮನೆಗೆ ಹೋದರು. ಅವಳಿಗೀಗ ನಲವತ್ತು, ಔಷಧಿ ಅಂಗಡಿ ನಡೆಸುತ್ತಾಳೆ. ದೊಡ್ಡಪ್ಪ ಹೊಸ ಕೊಳಲೊಂದನ್ನು ಅವಳ ಮುಂದಿಟ್ಟರು.

"ತಪ್ಪು ನಂದೇ ಮಗಳೇ. ನಿನ್ನ ಥರಾನೇ ಹಿಡ್ಕೊಂಡು ಒಂದ್ಸಲ ಊದು."

ಅವಳು ಕೈ ಒರೆಸಿಕೊಂಡು ಎತ್ತಿಕೊಂಡಳು. ಬಲಗೈ ಮೇಲೆ ತಂದಳು. ಬೆರಳುಗಳು ತೂತಿಗಾಗಿ ತಡಕಾಡಿದವು, ಸಂದಿಯಲ್ಲಿ ಗಾಳಿ ಸೋರಿತು. ಮೂರು ಸಲ ಪ್ರಯತ್ನಿಸಿದಳು.

"ಮರ್ತೇ ಹೋಗಿದೆ ಅಪ್ಪಾ" ಎಂದು ನಕ್ಕಳು.

"ಇಲ್ಲ, ಬರುತ್ತೆ" ಎನ್ನುತ್ತಾ ದೊಡ್ಡಪ್ಪ ಅವಳ ಬೆರಳು ಕೂರಿಸಲು ಕೈ ಚಾಚಿದರು. ಅಕ್ಕ ಬೆಚ್ಚಿ, ಥಟ್ಟನೆ ಎಡಗೈಯನ್ನು ಮೇಲಕ್ಕೆ ತಂದುಕೊಂಡಳು.