ಜೀಪಿಗೆ ಕಟ್ಟಿದ ಕಬಾಬ್ ಗಾಡಿ

ಅವ್ವನ ಕಬಾಬ್ ಗಾಡಿ ಮೊದಲು ಅಪ್ಪನ ಟಾಂಗಾ ಆಗಿತ್ತು. ಕುದುರೆ ಸತ್ತ ಮೇಲೆ ಅಪ್ಪ ಮತ್ತೊಂದನ್ನು ತರಲಿಲ್ಲ. ಟಾಂಗಾ ಬಸವಕಲ್ಯಾಣದ ನಮ್ಮ ಮನೆಯ ಮುಂದೆ ಮೂತಿ ನೆಲಕ್ಕೂರಿ ಬಹಳ ದಿನ ನಿಂತಿತ್ತು. ಆಮೇಲೆ ಅವ್ವ ಅದರ ಸೀಟು ಕೀಳಿಸಿ, ತಗಡಿನ ಉದ್ದನೆಯ ಒಲೆ ಕೂಡಿಸಿ, ಬಸ್ ನಿಲ್ದಾಣದ ಹತ್ತಿರ ಸೀಖ್ ಕಬಾಬ್ ಸುಡತೊಡಗಿದಳು. ನಿಲ್ದಾಣದವರೆಗೆ ಗಾಡಿಯನ್ನು ನಾವೇ ದೂಡಿಕೊಂಡು ಹೋಗುತ್ತಿದ್ದೆವು. ಕುದುರೆಯನ್ನು ನಡುವೆ ನಿಲ್ಲಿಸಿ ಕಟ್ಟುವ ಎರಡು ಉದ್ದ ಮರಗಳು ಮುಂದಕ್ಕೆ ಚಾಚಿಕೊಂಡು ಹಾಗೇ ಇದ್ದವು. ಅಪ್ಪ ಅವಕ್ಕೆ ಎಣ್ಣೆ ಹಚ್ಚುತ್ತಿದ್ದ. ಊರವರೂ ಅದನ್ನು ಅಪ್ಪನ ಟಾಂಗಾ ಎಂದೇ ಕರೆಯುತ್ತಿದ್ದರು.

ಎಪ್ಪತ್ತರ ದಶಕದ ಮೊದಲ ವರ್ಷಗಳಲ್ಲಿ ಚಿಟಗುಪ್ಪದ ಒಂದು ಮನೆಯವರು, ಮದುವೆಯ ಮರುದಿನದ ಊಟಕ್ಕೆ ಅಲ್ಲೇ ಕಬಾಬ್ ಸುಟ್ಟುಕೊಡಬೇಕೆಂದು ಅವ್ವನನ್ನು ಕರೆದರು. ಊರ ಹೊರಗಿಂದ ಬಂದ ಮೊದಲ ಕರೆ. ಒಲೆ ಅಷ್ಟು ದೂರ ಹೋಗದಿದ್ದರೆ ಆ ಕೆಲಸ ಇಲ್ಲ, ಮುಂದೆ ಯಾರೂ ಕರೆಯುವುದೂ ಇಲ್ಲ. ಹುಮನಾಬಾದಿನಲ್ಲಿ ಬಾಡಿಗೆ ಜೀಪು ಓಡಿಸುತ್ತಿದ್ದ ಸೋದರಮಾವ ಎಳೆದುಕೊಂಡು ಹೋಗಲು ಒಪ್ಪಿದ.

ಗಾಡಿಯನ್ನು ಜೀಪಿಗೆ ಹೇಗೆ ಕಟ್ಟುವುದೆಂಬಲ್ಲಿ ಜಗಳ ಹತ್ತಿತು. ಎರಡೂ ಮರ ಕೊಯ್ದು, ಕಬ್ಬಿಣದ ಪಟ್ಟಿಗಳನ್ನು ನಡುವೆ ಒಂದೇ ಕಡೆ ಕೂಡಿಸಿ, ತುದಿಗೆ ಬಳೆ ಹಾಕಬೇಕು ಎಂದು ವೆಲ್ಡಿಂಗ್ ಅಂಗಡಿಯವನು ಹೇಳಿದ. ಅಪ್ಪ ಒಪ್ಪಲಿಲ್ಲ.

"ಕೊಯ್ದ ಮ್ಯಾಲ ಮತ್ತ ಕುದುರಿ ಕಟ್ಟಾಕ ಬರಂಗಿಲ್ಲ."

"ಕುದುರಿ ಎಲ್ಲದ?" ಅಂದಳು ಅವ್ವ.

"ಬರತದ."

"ಬರತದ, ನನ್ನ ಹತ್ರ ಕಬಾಬ್ ತಿನ್ನಾಕ!"

ಮಾವ ನಡುವೆ ಬಂದ. "ಅಕ್ಕಾ, ಸುಮ್ನಿರು. ಭಾವ, ಎರಡೂ ಮರ ಜೀಪಿನ ಹಿಂದ ಎರಡ ಕಡಿ ಬೋಲ್ಟ್ ಹಾಕಿ ಬಿಗೀತೀನಿ. ಕುದುರಿ ಕಟ್ಟಿದಂಗ ಆತದ."

ಹಾಗೇ ಬಿಗಿದು ಊರ ಹೊರಗಿನ ಬಯಲಿಗೆ ಒಯ್ದರು. ಅಲ್ಲಿ ಕಂಡಷ್ಟನ್ನೇ ಬರೆಯುತ್ತೇನೆ. ನೇರ ಹೋಗುವಾಗ ಗಾಡಿ ಚೆನ್ನಾಗಿ ಹಿಂಬಾಲಿಸಿತು. ಅವ್ವ ಒಲೆಯ ಅಂಚು ಹಿಡಿದು ಬಲಗಡೆ ನಡೆಯುತ್ತಿದ್ದಳು. ಮಾವ ಎಡಕ್ಕೆ ತಿರುಗಿಸಿದ. ಜೀಪು ತಿರುಗಿತು, ಗಾಡಿ ತಿರುಗಲಿಲ್ಲ. ಅದರ ಗಾಲಿಗಳು ಮಣ್ಣನ್ನು ಅಡ್ಡಡ್ಡ ಕೆರೆದವು. ಒಲೆಯಿಂದ ಇದ್ದಿಲು ಚೆಲ್ಲಿತೆಂದು ಅವ್ವ ಹೆಕ್ಕಲು ನಿಂತಳು. ಅಷ್ಟರಲ್ಲಿ ಬಲಗಡೆಯ ಮರ ಮುರಿಯಿತು. ಮುರಿದ ತುದಿ, ನಿಲ್ಲದೆ ನಡೆದಿದ್ದರೆ ಅವಳು ಇರುತ್ತಿದ್ದ ಜಾಗದ ಮೇಲೆ ಬೀಸಿ ಹೋಯಿತು. ಇವತ್ತಿಗೂ ಒಣ ಕಟ್ಟಿಗೆ ಮುರಿದ ಸದ್ದಾದರೆ ತಿರುಗಿ ನೋಡುತ್ತೇನೆ.

ಮಾವ ಜೀಪಿನಿಂದ ಇಳಿದು ಬಂದ. "ಹೊಸ ಮರ ಹಾಕಿಸೋಣ ಭಾವ. ಇನ್ನೂ ದಪ್ಪಂದು."

ಅಪ್ಪ ಗಾಲಿ ಕೆರೆದ ಗುರುತಿನ ಹತ್ತಿರ ಕುಕ್ಕರಗಾಲಲ್ಲಿ ಕೂತು ಬಹಳ ಹೊತ್ತು ನೋಡಿದ. "ಕುದುರಿ ತಿರುಗಬೇಕಾದ್ರ ಕಾಲ ಎತ್ತಿ ಮಗ್ಗಲಿಗಿ ಇಡತದ," ಅಂದ. "ಜೀಪ್ ಇಡತದೇನು? ದಪ್ಪ ಮರ ಹಾಕಿದ್ರ ಮುಂದ ಜೀಪೇ ಮುರೀತದ." ಆಮೇಲೆ ಅವ್ವನ ಕಡೆ ನೋಡದೆ, "ಇನ್ನೊಂದೂ ಕೊಯ್ಯಸ್ರಿ" ಎಂದ.

ವೆಲ್ಡಿಂಗ್ ಅಂಗಡಿಯವನು ಎರಡು ಬಗೆ ತೋರಿಸಿದ. ಒಂದು, ಜೀಪಿಗೆ ಬಾಯಿ ತೆರೆದ ಕೊಕ್ಕೆ. ಅದಕ್ಕೆ ಗಾಡಿಯ ಬಳೆ ಸಿಕ್ಕಿಸಿದರೆ ಸಾಕು. ಇನ್ನೊಂದು, ಬಳೆಯ ಮೇಲೂ ಕೆಳಗೂ ಜೀಪಿನ ಕಡೆಯಿಂದ ಒಂದೊಂದು ಕಬ್ಬಿಣದ ಪಟ್ಟಿ ಬಂದು, ಮೂರನ್ನೂ ಪೋಣಿಸಿ ದಪ್ಪ ಪಿನ್ನು ಇಳಿಸುವುದು. ಅಪ್ಪ ಕೊಕ್ಕೆಗೆ ಬಳೆ ಸಿಕ್ಕಿಸಿ, ಕೆಳಗಿನಿಂದ ಅಂಗೈಯಿಂದ ಒಮ್ಮೆ ಗುದ್ದಿದ. ಬಳೆ ಹೊರಗೆ ಹಾರಿತು.

"ತಗ್ಗಿನಾಗ ಹಿಂಗ ಜಿಗೀತದ. ಪಿನ್ನೇ ಇರಲಿ. ಅದರ ತುದೀಗಿ ತೂತ ಹಾಕು, ತಂತಿ ಹಾಕಿ ತಿರುವತೀನಿ. ಎರಡೂ ಕಡಿ ಸರಪಳಿನೂ ಬೇಕು."

"ಪಿನ್ನ ಇದ್ದ ಮ್ಯಾಲ ಸರಪಳಿ ಯಾಕ್ರಿ ಕಾಕಾ?"

"ಕುದುರಿಗಿ ಒಂದ ತೊಗಲ ಪಟ್ಟಾ ಬಿಗದು ನಾ ಎಂದಾದ್ರೂ ಟಾಂಗಾ ಹೊಡದೀನೇನು?"

ಚಿಟಗುಪ್ಪಕ್ಕೆ ಹೊರಟ ದಿನ ಅವ್ವ ಮಾವನ ಪಕ್ಕ ಮುಂದೆ ಕೂತಳು, ಮಡಿಲಲ್ಲಿ ಮಸಾಲೆಯ ಡಬ್ಬಿ. ಅಪ್ಪ ಮತ್ತು ನಾನು ಹಿಂದೆ. ಜೀವಮಾನವೆಲ್ಲ ಕುದುರೆಯ ಕಿವಿಗಳ ನಡುವಿನಿಂದ ರಸ್ತೆ ನೋಡಿದವನು ಅಂದು ರಸ್ತೆಗೆ ಬೆನ್ನು ಮಾಡಿ, ಪಿನ್ನಿನ ಮೇಲೆ ಕಣ್ಣಿಟ್ಟು ಕೂತ. ನಾನೂ ಅದನ್ನೇ ನೋಡುತ್ತಿದ್ದೆ. ತಗ್ಗು ಬಂದಾಗಲೆಲ್ಲ ಪಿನ್ನು ತುಸು ಮೇಲೇಳುತ್ತಿತ್ತು, ತಂತಿ ತಡೆಯುತ್ತಿತ್ತು, ಮತ್ತೆ ಇಳಿಯುತ್ತಿತ್ತು. ಹುಮನಾಬಾದಿನಲ್ಲಿ ಚಹಾಕ್ಕೆ ನಿಲ್ಲಿಸಿದಾಗಲೂ ಅಪ್ಪ ಇಳಿದು ಮೊದಲು ಮುಟ್ಟಿದ್ದು ತಂತಿಯನ್ನು. ತಿರುವುಗಳಲ್ಲಿ ಗಾಡಿ ಜೀಪಿನ ಹಿಂದೆ ಮೆತ್ತಗೆ ತಿರುಗಿತು. ಆಗ ನನಗಾದ ಹೆಮ್ಮೆ ಅವ್ವನ ಬಗ್ಗೆಯೋ ಅಪ್ಪನ ಬಗ್ಗೆಯೋ, ಹೇಳಲಾರೆ.

ಮದುವೆ ಮನೆಯ ಹಿರಿಯರೊಬ್ಬರು ಹೊರಗೆ ಬಂದು, ಅಪ್ಪನ ಗುರುತು ಹಿಡಿದು ನಕ್ಕರು. "ಬರ್ರಿ ಬರ್ರಿ! ಕುದುರಿ ಬಿಟ್ಟು ಜೀಪಿಗಿ ಟಾಂಗಾ ಕಟ್ಟೀರೇನು?"

ಅಪ್ಪ ತಂತಿ ಬಿಚ್ಚಿ ಪಿನ್ನು ಎಳೆಯುತ್ತಿದ್ದ. ತಲೆ ಎತ್ತದೆಯೇ ಹೇಳಿದ: "ಟಾಂಗಾ ಅಲ್ಲರಿ, ಕಬಾಬ್ ಗಾಡಿ. ನಮ್ಮ ಮನಿಯಾಕಿದು. ಎಲ್ಲಿ ನಿಲ್ಲಸಬೇಕಂತ ಅಕೀಗಿ ಕೇಳ್ರಿ."

ಅವ್ವ ಗಾಳಿ ಬೀಸುವ ದಿಕ್ಕು ನೋಡಿ, ಗೋಡೆಯ ಮಗ್ಗುಲು ತೋರಿಸಿದಳು.