ಗಾಲಿಮನೆ ಮತ್ತು ಎರಡು ಬ್ಯಾರಲ್ ನೀರು

ಕೊಂಡಿಯ ಪಿನ್ನು ಕಳಚಿ, ಹಿಂದೆ ಕಟ್ಟಿದ ಗಾಲಿಮನೆ ತನ್ನ ದಾರಿ ತಾನು ಹಿಡಿಯಬಹುದಿತ್ತು. ರೇಡಿಯೇಟರ್ ಕುದಿಯಬಹುದಿತ್ತು. ಎಡಗಡೆಯ ಹಿಂದಿನ ಟಾಯರ್ ಒಡೆಯಬಹುದಿತ್ತು, ಅದರ ಮೇಲೆ ನನಗೆ ಮೊದಲಿನಿಂದಲೂ ಗುಮಾನಿ. ಫ್ಯಾನ್ ಬೆಲ್ಟ್ ಹರಿಯಬಹುದಿತ್ತು, ಆಮೇಲೆ ಬದಲಿಗೆ ಇಟ್ಟುಕೊಂಡ ಬೆಲ್ಟೂ ಹರಿಯಬಹುದಿತ್ತು. ಮಿರಜ್ ದಾಟಿದ ಮೇಲೆ ಪೊಲೀಸರು ನಿಲ್ಲಿಸಿ ಇದೇನಿದು ಎಂದು ಕೇಳಬಹುದಿತ್ತು. ನನಗೆ ಉತ್ತರ ಹೊಳೆಯದೆ ಹೋಗಬಹುದಿತ್ತು. ಗ್ಯಾಸ್ ಸಿಲಿಂಡರ್ ಉರುಳಬಹುದಿತ್ತು. ಅಕ್ಕನ ಮೊಣಕಾಲು ಗಾಡಿಯಲ್ಲೇ ಬಿಗಿದುಕೊಂಡು ಇಳಿಯಲು ಬಾರದಂತಾಗಬಹುದಿತ್ತು. ಘಾಟಿನಲ್ಲಿ ಬ್ರೇಕ್ ಕಾಯ್ದು ಕೈಕೊಡಬಹುದಿತ್ತು. ಅಷ್ಟೆಲ್ಲ ಆಗದೆ ಹೋಗಿ ಮುಟ್ಟಿದ ಮೇಲೆ, ಸಮುದ್ರಕ್ಕೆ ಮಂಜು ಕವಿದು ಏನೂ ಕಾಣದಿರಬಹುದಿತ್ತು.

ಇದನ್ನೆಲ್ಲ ನಾನು ಒಂದು ವಹಿಯಲ್ಲಿ ಬರೆದಿಟ್ಟಿದ್ದೆ. ಕೆಲವರು ಹೊರಡುವ ಮುಂಚೆ ಬಟ್ಟೆ ಜೋಡಿಸಿಕೊಳ್ಳುತ್ತಾರೆ, ನಾನು ಅಪಾಯಗಳನ್ನು ಜೋಡಿಸಿಕೊಳ್ಳುತ್ತೇನೆ. ಮದುವೆಯ ದಿನವೂ ಹೀಗೊಂದು ಪಟ್ಟಿ ನನ್ನ ಕಿಸೆಯಲ್ಲಿತ್ತೆಂದು ಹೆಂಡತಿ ಇವತ್ತಿಗೂ ಬಂದವರಿಗೆಲ್ಲ ಹೇಳುತ್ತಾಳೆ. ವಹಿಯನ್ನು ಮಿಸ್ತ್ರಿಗೆ ತೋರಿಸಿದೆ. ಮಿಸ್ತ್ರಿ ಅಂದರೆ ನಮ್ಮ ಗಡಿಯೂರು ಜತ್ತಿನಲ್ಲಿ ನನ್ನ ಗಾಡಿಯನ್ನು ಇಷ್ಟು ವರ್ಷ ಬದುಕಿಸಿಟ್ಟವನು, ಸಾಲಿ ಕಲಿಯುವಾಗ ನನ್ನ ಪಕ್ಕ ಕೂತವನು. ಎಣ್ಣೆಗೈಯಲ್ಲೇ ಹಾಳೆ ತಿರುವಿ ಓದಿದ.

"ಎಲ್ಲಾ ಬರದೀಯಪಾ, ಭೂಕಂಪ ಒಂದ ಮರತಿ."

ನಾನು ಪೆನ್ನು ತೆಗೆದು ಭೂಕಂಪವನ್ನೂ ಸೇರಿಸಿದೆ.

ನನ್ನ ಪಿಕಪ್ಪು ನನ್ನ ಮದುವೆಗಿಂತ ಹಳೆಯದು. ಉಟಗಿ ಕಡೆಯಿಂದ ಕುರಿ, ಶೇಗಾಂವದಿಂದ ತೊಗರಿ ಚೀಲ, ಹೀಗೆ ಸಿಕ್ಕಿದ್ದನ್ನು ಜತ್ತಿನ ಪ್ಯಾಟಿಗೆ ಹೊತ್ತು ಹೊತ್ತು ಅದರ ಬೆನ್ನು ನನ್ನ ಬೆನ್ನಿನ ಹಾಗೆಯೇ ಒಂದು ಕಡೆಗೆ ವಾಲಿದೆ. ಎಡಬಾಗಿಲು ಒಳಗಿನಿಂದ ಮಾತ್ರ ತೆರೆಯುತ್ತದೆ, ಬಲಬಾಗಿಲು ಹೊರಗಿನಿಂದ ಮಾತ್ರ. ಬೆಳಿಗ್ಗೆ ತಾನಾಗಿ ಚಾಲೂ ಆಗುವುದಿಲ್ಲವಾದ್ದರಿಂದ ಎಲ್ಲಿ ಹೋದರೂ ಇಳಿಜಾರು ನೋಡಿಯೇ ನಿಲ್ಲಿಸುತ್ತೇನೆ. ಬೀಗರ ಮನೆಗೆ ಹೋದರೂ ನಾನು ಮೊದಲು ನೋಡುವುದು ಅವರ ಅಂಗಳದ ಇಳುಕಲನ್ನು. ರೇಡಿಯೇಟರ್ ಸೋರಿದಾಗ ಒಂದು ಹಿಡಿ ಅರಿಸಿನ ಪುಡಿ ಹಾಕಿದ್ದೆವು, ಸೋರುವುದು ನಿಂತಿತು. ಅಂದಿನಿಂದ ಬಿಸಿಯಾದಾಗಲೆಲ್ಲ ಗಾಡಿ ಒಗ್ಗರಣೆಯ ವಾಸನೆ ಹೊಡೆಯುತ್ತದೆ. ವೇಗ ತೋರಿಸುವ ಮುಳ್ಳು ನಲವತ್ತರ ಮೇಲೆ ಸಿಕ್ಕಿಬಿದ್ದಿದೆ. ನಿಂತಾಗಲೂ ನಾನು ನಲವತ್ತರಲ್ಲೇ ಇರುತ್ತೇನೆ.

ಇಂಥ ಗಾಡಿಗೆ ಹಿಂದೊಂದು ಮನೆ ಕಟ್ಟಿಕೊಂಡು ಸಮುದ್ರಕ್ಕೆ ಹೊರಡಲು ಕಾರಣ ನನ್ನ ಅಕ್ಕ.

ಅಕ್ಕ ನನಗಿಂತ ಹನ್ನೆರಡು ವರ್ಷ ದೊಡ್ಡವಳು. ಸೊರಡಿಯಲ್ಲಿ ಮೂವತ್ತು ವರ್ಷ ಅಂಗನವಾಡಿ ನಡೆಸಿದಳು. ಅಲ್ಲಿನ ಗೋಡೆಯ ಮೇಲೆ ತಾನೇ ಒಂದು ಸಮುದ್ರ ಬರೆದಿದ್ದಳು. ಕೆಳಗೆ ಅರ್ಧ ಗೋಡೆ ನೀಲಿ, ಅದರ ಮೇಲೆ ತೆರೆಗಳೆಂದು ಹಾವಿನ ಹಾಗೆ ಸೊಟ್ಟಸೊಟ್ಟ ಬಿಳಿ ಗೀಟು, ಒಂದು ಹಡಗು, ಮೂರು ಮೀನು. ಸುಣ್ಣ ಉದುರಿದಂತೆಲ್ಲ ವರ್ಷಕ್ಕೊಮ್ಮೆ ಮತ್ತೆ ಬಣ್ಣ ಬಳಿಯುತ್ತಿದ್ದಳು. ನಿವೃತ್ತಿಗೆ ಕೆಲವು ದಿನ ಇದ್ದಾಗ ಒಂದು ಹುಡುಗಿ ಗೋಡೆಗೆ ಬೆರಳು ಹಚ್ಚಿ ಕೇಳಿತಂತೆ, "ಅಕ್ಕೋರ, ತೆರಿ ಖರೇನ ಹಿಂಗ ಇರ್ತಾವೇನ್ರಿ? ನೀವು ನೋಡೀರೇನು?"

ಅಕ್ಕ "ಹೂಂ" ಅಂದುಬಿಟ್ಟಳು.

ಸಮುದ್ರವನ್ನೇ ಕಾಣದ ಅವಳನ್ನು ಆ ಒಂದು ಹೂಂ ಬಿಡಲಿಲ್ಲ. ನಾನು ಫೋನಿನಲ್ಲಿ ಸಮುದ್ರ ತೋರಿಸಿದೆ. "ಅಂಗೈಯಷ್ಟ ಸಮುದ್ರ ನೋಡಿ ಹೂಂ ಅನ್ನಾಕ ಬರೂದಿಲ್ಲ ತಮ್ಮಾ," ಅಂದಳು. "ಒಮ್ಮೆ ಖುದ್ದ ನೋಡಬೇಕು. ಇಷ್ಟು ಮಕ್ಕಳಿಗೆ ತಪ್ಪ ಕಲಿಸೀನೋ ಏನೋ, ಗೊತ್ತಾಗಬೇಕು."

ಆದರೆ ಅಕ್ಕ ರಾತ್ರಿ ಬೇರೆಯವರ ಮನೆಯಲ್ಲಿ ಇರುವವಳಲ್ಲ. ನಸುಕಿನಲ್ಲಿ ಎದ್ದು ಬಿಸಿನೀರು ಮೈಮೇಲೆ ಹಾಕಿಕೊಂಡು, ಲಿಂಗಪೂಜೆ ಮಾಡಿಕೊಂಡ ಮೇಲೆಯೇ ಅವಳ ಬಾಯಿಗೆ ಒಂದು ಗುಟುಕು ಚಹಾ. ಮೊಣಕಾಲು ಮಡಚುವುದಿಲ್ಲ, ಆದ್ದರಿಂದ ಪಾಯಖಾನೆಗೆ ಖುರ್ಚಿ ಬೇಕು. ಲಾಜಿಂಗ್ ಎಂಬ ಮಾತು ತೆಗೆದರೆ, ಅಲ್ಲಿ ಹಿಂದಿನ ದಿನ ಯಾರು ಮಲಗಿದ್ದರೋ ಎನ್ನುತ್ತಾಳೆ. ಹಾಗಾದರೆ ಮನೆಯನ್ನೇ ಒಯ್ಯೋಣ ಎಂದು ಮಿಸ್ತ್ರಿ ಚೇಷ್ಟೆ ಮಾಡಿದ. ನಾನು ಚೇಷ್ಟೆಯನ್ನು ಚೇಷ್ಟೆಯಾಗಿ ತೆಗೆದುಕೊಳ್ಳಲಾರದ ಮನುಷ್ಯ.

ಅವನ ಗ್ಯಾರೇಜಿನ ಹಿಂದೆ ಎರಡು ಗಾಲಿಯ ಸಣ್ಣ ನೀರಿನ ಟ್ಯಾಂಕರೊಂದು ತುಕ್ಕು ಹಿಡಿದು ಬಿದ್ದಿತ್ತು. ಟ್ಯಾಂಕನ್ನು ಕೊಯ್ದು ತೆಗೆದು, ಉಳಿದ ಚಾಸಿಯ ಮೇಲೆ ಕಬ್ಬಿಣದ ಪಟ್ಟಿ ಬೆಸೆದು, ತಗಡಿನ ಪತ್ರಾ ಹೊಡೆದು ಒಂದು ಖೋಲಿ ಮಾಡಿದೆವು. ಒಳಗೆ ಒಂದು ಮಂಚ, ಒಂದು ಸ್ಟೋವ್, ಪರದೆಯ ಹಿಂದೆ ಬಚ್ಚಲ ಮತ್ತು ಖುರ್ಚಿ, ಮೂಲೆಯಲ್ಲಿ ದೇವರ ಗೂಡು. ಅಕ್ಕ ಬಂದು ನೋಡಿ, ಗೂಡು ಪೂರ್ವಕ್ಕೆ ಇರಬೇಕು ಅಂದಳು.

"ಅಕ್ಕಾರ, ಮನಿ ತಿರಗತೈತ್ರಿ," ಅಂದ ಮಿಸ್ತ್ರಿ. "ಪೂರ್ವ ಯಾವ ಕಡಿ ಬೇಕೋ ಆ ಕಡಿ ನಿಲ್ಲಸೂಣು."

ದೀಪಾವಳಿಯ ರಜೆ ಮುಗಿದ ಮೇಲೆ ಹೊರಡುವುದೆಂದಾಯಿತು. ಮಿಸ್ತ್ರಿ ತಾನೂ ಬರುತ್ತೇನೆಂದ. ನನ್ನ ಮೇಲೆ ಭರವಸೆ ಇಲ್ಲವೇ ಎಂದು ಕೇಳಿದ್ದಕ್ಕೆ, ಗಾಡಿಯ ಮೇಲಾದರೂ ಸ್ವಲ್ಪ ಇದೆ ಎಂದ. ಹಿಂದಿನ ದಿನ ಸಾಮಾನಿನ ವಜ್ಜೆ ಎಷ್ಟಾಗುತ್ತದೆಂದು ಲೆಕ್ಕ ಹಾಕಲು ಒಂದೊಂದಾಗಿ ಕೇಳಿದ. ಮಂಚ, ಸಿಲಿಂಡರ್, ಖುರ್ಚಿ, ಹಾಸಿಗೆ, ಒಂದು ಡಬ್ಬಿ ಕಟಕ್ ರೊಟ್ಟಿ, ಶೇಂಗಾ ಹಿಂಡಿ ಎಂದು ಹೇಳಿದೆ. "ಹಗೂರ ಐತಿ, ಎಳೀತೈತಿ," ಅಂದ.

ನಸುಕಿನಲ್ಲಿ ಹೊರಟೆವು. ಮಿಸ್ತ್ರಿ ಸ್ಟೇರಿಂಗಿಗೆ, ನಡುವೆ ನಾನು, ಬಾಗಿಲ ಕಡೆ ಅಕ್ಕ. ಅವಳ ಕಣ್ಣಿನ ಚಾಳೀಸಿನ ದಪ್ಪ ಗಾಜಿನಲ್ಲಿ ರಸ್ತೆಯ ಗಿಡಗಳು ಓಡುತ್ತಿದ್ದವು. ಪ್ರತಿ ನಿಲುಗಡೆಯಲ್ಲೂ ನಾನು ಇಳಿದು ಕೊಂಡಿಯ ಪಿನ್ನನ್ನು ಎರಡೂ ಕೈಯಿಂದ ಅಲ್ಲಾಡಿಸಿ ನೋಡಿ ಬರುತ್ತಿದ್ದೆ. ಮಿರಜ್ ದಾಟಿದ ಮೇಲೆ ಪೊಲೀಸ್ ಒಬ್ಬ ನಿಜವಾಗಿಯೂ ನಿಲ್ಲಿಸಿದ. ಕಿಸೆಯಿಂದ ಕಾಗದಗಳನ್ನು ತೆಗೆದು ಕೊಟ್ಟೆ. ಅವನು ಕಾಗದ ನೋಡಿ, ಗಾಲಿಮನೆಯ ಸುತ್ತ ಒಂದು ಸುತ್ತು ಹಾಕಿ, ಇಂಥದ್ದನ್ನು ತನ್ನ ಮಾವನಿಗೂ ಮಾಡಿಸಬೇಕು, ಎಲ್ಲಿ ಮಾಡುತ್ತಾರೆ ಎಂದು ಮರಾಠಿಯಲ್ಲಿ ಕೇಳಿದ. ಮಿಸ್ತ್ರಿ ತನ್ನ ಫೋನ್ ನಂಬರು ಕೊಟ್ಟ.

ಕೊಲ್ಹಾಪುರ ಹಿಂದೆ ಬಿದ್ದು ಗುಡ್ಡಗಳು ಹಸಿರಾಗತೊಡಗಿದಾಗ ಗಾಡಿ ಏದುಸಿರು ಬಿಡತೊಡಗಿತು. ಅಂಬಾ ಘಾಟಿಗೆ ಮುಂಚಿನ ಏರಿನಲ್ಲಿ ಮೊದಲು ಅರಿಸಿನದ ವಾಸನೆ ಬಂತು. ಅದು ಮನೆಯವರ ವಾಸನೆ, ಹೆದರಲಿಲ್ಲ. ಆಮೇಲೆ ಸುಟ್ಟ ವಾಸನೆ ಬಂತು. ಮಿಸ್ತ್ರಿಯ ಮುಖ ಬದಲಾಯಿತು. ಒಂದು ಚಹಾದಂಗಡಿಯ ಎದುರು ಗಾಡಿ ತೆಗೆದು ನಿಲ್ಲಿಸಿದ. ನಾನು ಅಕ್ಕನನ್ನು ದಾಟಿ ಹಾರಿ ಇಳಿದು ಗಾಲಿಗೆ ಕಲ್ಲು ಕೊಟ್ಟೆ.

"ಕ್ಲಚ್ ಸುಡಾಕತ್ತೈತಿ. ಲೇ, ಒಳಗ ಏನ್ ತುಂಬಿ?"

"ಹೇಳೀನಲ್ಲೋ. ಮಂಚ, ಖುರ್ಚಿ, ರೊಟ್ಟಿ..."

"ರೊಟ್ಟಿ ಕಬ್ಬಿಣದ್ದೇನು?"

ಅವನು ಗಾಲಿಮನೆಯ ಬಾಗಿಲು ತೆಗೆದು ಒಳಗೆ ಹೋದ. ಮೂಲೆಯಲ್ಲಿದ್ದ ನೀಲಿ ಬ್ಯಾರಲ್ಲನ್ನು ಬೆರಳ ಗೆಣ್ಣಿನಿಂದ ಬಡಿದ. "ಇದೇನು?"

"ನೀರು."

ಪಕ್ಕದ ಬ್ಯಾರಲ್ ಬಡಿದ. "ಇದು?"

"ನೀರು."

ಬಗ್ಗಿ ಮಂಚದ ಕೆಳಗೆ ಕೈಹಾಕಿದ. ಅಲ್ಲಿ ಎಂಟು ಕ್ಯಾನುಗಳಿದ್ದವು. ಅವೂ ತುಂಬಿದ್ದವು.

"ನಿನ್ನಿ ಯಾಕ ಹೇಳಲಿಲ್ಲೋ?"

"ನೀ ಸಾಮಾನು ಕೇಳಿದಿ. ನೀರು ಸಾಮಾನ ಅಲ್ಲಲ್ಲ."

ಮಿಸ್ತ್ರಿ ಬ್ಯಾರಲ್ಲಿನ ಮುಚ್ಚಳ ತೆಗೆದು ನೋಡಿ ಮತ್ತೆ ಬಿಗಿದ. ಅವನೂ ಜತ್ತಿನವನೇ. ಅವನ ಮನೆಯಲ್ಲೂ ಹೆಜ್ಜೆಗೊಂದು ಬ್ಯಾರಲ್. ನಳಕ್ಕೆ ನೀರು ಬಂದ ದಿನ ನಮ್ಮ ಕಡೆ ಮನೆಯಲ್ಲಿ ಖಾಲಿ ಪಾತ್ರೆ ಇರಗೊಡುವುದಿಲ್ಲ, ಲೋಟವನ್ನೂ ತುಂಬಿಡುತ್ತೇವೆ. ಹೊರಡುವ ಹಿಂದಿನ ದಿನ ಸೊರಡಿಯಲ್ಲಿ ಅಕ್ಕನ ಮನೆಗೆ ನಳ ಬಂದಿತ್ತು. ಗಾಲಿಮನೆಯೂ ಮನೆಯೇ ಆದ್ದರಿಂದ ಅಕ್ಕನೂ ನಾನೂ ಪೈಪು ಹಿಡಿದು ತುಂಬಿದ್ದೆವು. ಟ್ಯಾಂಕ್ ಕೊಯ್ದು ಮನೆ ಮಾಡಿದೆವು, ಆ ಮನೆಯನ್ನು ನಾವೇ ಮತ್ತೆ ಟ್ಯಾಂಕರ್ ಮಾಡಿದ್ದೆವು. ನನ್ನ ವಹಿಯಲ್ಲಿ ಭೂಕಂಪ ಇತ್ತು, ನೀರು ಇರಲಿಲ್ಲ.

"ಅದೂ ಖರೇನ," ಅಂದ ಮಿಸ್ತ್ರಿ ಕೊನೆಗೆ. ಆಮೇಲೆ ಅಕ್ಕನ ಕಡೆ ತಿರುಗಿದ. "ಅಕ್ಕಾರ, ಇಲ್ಲಿಂದ ಮುಂದ ಇಳಿಕಿ. ಇಷ್ಟು ವಜ್ಜಿ ಹಿಂದಿನಿಂದ ನೂಕಿದ್ರ ಬ್ರೇಕ್ ತಡಿಯೂದಿಲ್ರಿ. ನೀರು ಚೆಲ್ಲೂಣು, ಇಲ್ಲಾಂದ್ರ ಹೊಳ್ಳಿ ಹೋಗೂಣು."

"ಚೆಲ್ಲಿ, ಮುಂಜಾನಿ ಮೈಮ್ಯಾಲೆ ಏನ್ ಹಾಕ್ಕೊಳ್ಳಿ? ಅಲ್ಲಿ ಉಪ್ಪುನೀರು."

"ಕೊಂಕಣದಾಗ ನೀರು ಮನೀ ಹಿಂದ ಹರೀತೈತ್ರಿ."

"ನೀ ನೋಡಿಯೇನು?"

"ಕೇಳೀನ್ರಿ."

"ಕೇಳಿದ್ದ ನಾನೂ ಕೇಳೀನಿ ಮಿಸ್ತ್ರಿ. ಮೂವತ್ತ ವರ್ಷ ಕೇಳಿದ್ದನ್ನ ಕಲಿಸೀನಿ."

ಚಹಾದಂಗಡಿಯ ಹೆಂಗಸು ನಮ್ಮನ್ನು ನೋಡುತ್ತ ನಿಂತಿದ್ದಳು. ಅಕ್ಕ ಅವಳನ್ನು ಕರೆದು ಮರಾಠಿಯಲ್ಲಿ, ನಾಲ್ಕು ಕ್ಯಾನು ನೀರು ಕೊಡುತ್ತೇನೆ ಇಟ್ಟುಕೋ ತಾಯಿ, ಸಿಹಿನೀರು, ಅಂದಳು. ಅವಳು ನಕ್ಕು ಅಂಗಡಿಯ ಹಿಂದಕ್ಕೆ ಕೈ ತೋರಿಸಿದಳು. ಗುಡ್ಡದಿಂದ ಇಳಿದ ಪೈಪೊಂದರಲ್ಲಿ ಯಾರೂ ಹಿಡಿಯದ ನೀರು ದಳದಳ ಸುರಿದು ರಸ್ತೆಯ ಚರಂಡಿಗೆ ಹೋಗುತ್ತಿತ್ತು. ಅಕ್ಕ ಅದನ್ನು ಬಹಳ ಹೊತ್ತು ನೋಡಿದಳು. ನೀರು ಬೇಡ ಅಂದ ಮನುಷ್ಯರನ್ನು ಅವಳು ತನ್ನ ಜನ್ಮದಲ್ಲಿ ಮೊದಲ ಸಲ ಕಂಡಿದ್ದಳು; ಸ್ವಲ್ಪ ಸಿಟ್ಟೂ ಬಂದಿತ್ತೆಂದು ಕಾಣುತ್ತದೆ.

"ಚೆಲ್ಲೂದಿಲ್ಲ," ಅಂದಳು ಆಮೇಲೆ. "ಖರ್ಚ ಮಾಡೂಣು."

ಹಾಗೆ, ಪಕ್ಕದಲ್ಲೇ ನೀರು ಹರಿಯುವ ಜಾಗದಲ್ಲಿ ಕೂತು, ಸೊರಡಿಯ ನೀರನ್ನು ಖರ್ಚು ಮಾಡಿದೆವು. ನಾನೂ ಮಿಸ್ತ್ರಿಯೂ ಎರಡೆರಡು ಸಲ ಸ್ನಾನ ಮಾಡಿದೆವು. ಹಾಸಿಗೆಯ ಚಾದರ ಒಗೆದೆವು. ಪಿಕಪ್ಪನ್ನು ತೊಳೆದೆವು; ಅದರ ಮೂಲ ಬಣ್ಣ ಬಿಳಿ ಎಂದು ಅವತ್ತು ತಿಳಿಯಿತು. ಅಕ್ಕ ಚಂಬು ಹಿಡಿದು, ಮೊದಲೇ ಒದ್ದೆಯಾಗಿದ್ದ ಗಿಡಗಳ ಬುಡಕ್ಕೆ ನಿಧಾನವಾಗಿ ನೀರು ಹಾಕಿ ಬಂದಳು. ಚಹಾದಂಗಡಿಯ ಹೆಂಗಸು ಗಂಡನನ್ನೂ ಕರೆದು ತೋರಿಸಿದಳು. ಮರುದಿನದ ಸ್ನಾನಕ್ಕೂ ಪೂಜೆಗೂ ಎಂದು ಎರಡು ಕ್ಯಾನು ಮಾತ್ರ ಉಳಿದವು.

ಕೊನೆಗೆ ಅಕ್ಕ ತನ್ನ ಚಾಳೀಸನ್ನು ತೆಗೆದು ನನ್ನ ಕೈಗೆ ಕೊಟ್ಟು, ತಲೆಯ ಮೇಲೂ ನೀರು ಹಾಕಿಕೊಂಡು ಮುಖ ತೊಳೆದಳು. ಬಿಸಿಲು ಇಳಿಯುವುದರೊಳಗೆ ಮುಟ್ಟಬೇಕೆಂದು ಮಿಸ್ತ್ರಿ ಅವಸರ ಮಾಡುತ್ತಿದ್ದ. ನಾನು ಕಡೆಯದಾಗಿ ಒಮ್ಮೆ ಪಿನ್ನು ನೋಡಿಕೊಂಡೆ, ಎರಡೂ ಕೈಯಿಂದ ಅಲ್ಲಾಡಿಸಿ. ಗಟ್ಟಿಯಾಗಿತ್ತು.

ಅಕ್ಕ ಒದ್ದೆ ಕೂದಲಿನ ಮೇಲೆ ಸೆರಗನ್ನು ಮುಖದವರೆಗೂ ಎಳೆದುಕೊಂಡು, "ಸಮುದ್ರ ಬಂದಾಗ ಎಬ್ಬಸು," ಎಂದು ಸೀಟಿಗೆ ಒರಗಿ ನಿದ್ದೆ ಹೋದಳು. ಮಿಸ್ತ್ರಿ ಎರಡನೇ ಗೇರಿನಲ್ಲಿ ಘಾಟು ಇಳಿಸಿದ. ಗಾಲಿಗೆ ಕೊಡುವ ಕಲ್ಲನ್ನು ನಾನು ಇಡೀ ಇಳುಕಲು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದೆ. ಬ್ರೇಕ್ ತಡೆಯಿತು. ಟಾಯರ್ ತಡೆಯಿತು. ಸಿಲಿಂಡರ್ ಅಲುಗಲಿಲ್ಲ. ಕೆಳಗೆ ಇಳಿದ ಮೇಲೆ ಮಿಸ್ತ್ರಿ, "ಕಲ್ಲು ಕೆಳಗ ಇಡಪಾ, ಅದಕ್ಕೂ ಸಾಕಾಗೈತಿ," ಅಂದ.

ರತ್ನಾಗಿರಿ ಕಡೆಯ ಒಂದು ದಂಡೆ. ಸೂರ್ಯ ಇನ್ನೂ ಮೇಲಿತ್ತು. ಮಂಜಿರಲಿಲ್ಲ. ಇಷ್ಟು ನಿರ್ಮಲವಾದ ಸಂಜೆಯನ್ನು ನಾನು ನಂಬುವುದಿಲ್ಲ.

"ಅಕ್ಕಾ, ಬಂತು."

ಅವಳು ಸೆರಗು ಸರಿಸಿದಳು. ಕೈ ಮೂಗಿನ ಹತ್ತಿರ ಹೋಯಿತು, ಅಲ್ಲಿಂದ ಕಿವಿಗೆ, ಮತ್ತೆ ಮಡಿಲಿಗೆ. "ನನ್ನ ಚಾಳೀಸ ಕೊಡು."

ಆಗ ನನಗೆ ನೆನಪಾಯಿತು. ಪಿನ್ನು ಅಲ್ಲಾಡಿಸಲು ಎರಡೂ ಕೈ ಬೇಕಾಗಿದ್ದವು; ಚಾಳೀಸನ್ನು ಕೊಂಡಿಯ ಪಕ್ಕದ ಕಬ್ಬಿಣದ ಪಟ್ಟಿಯ ಮೇಲೆ ಇಟ್ಟಿದ್ದೆ. ಓಡಿಹೋಗಿ ನೋಡಿದೆ. ಪಿನ್ನು ಇತ್ತು.

ಮಿಸ್ತ್ರಿ ನನ್ನ ಮುಖ ನೋಡಿದ. ಬಗ್ಗಿ ಚಾಸಿಯ ಕೆಳಗೆಲ್ಲ ಕೈಯಾಡಿಸಿ ಹುಡುಕಿದ. ಹೊಳ್ಳಿ ಹೋಗಿ ಹುಡುಕೋಣ, ನಾಳೆ ಮತ್ತೆ ಬರೋಣ, ಎಂದು ನಾನು ಏನೇನೋ ಹೇಳತೊಡಗಿದೆ. ಅಕ್ಕ ನನ್ನ ಭುಜ ಹಿಡಿದುಕೊಂಡು ಇಳಿದು, ಉಸುಕಿನಲ್ಲಿ ಹತ್ತು ಹೆಜ್ಜೆ ನಡೆದು ನಿಂತಳು. ಕಣ್ಣು ಕಿರಿದು ಮಾಡಿ ಮುಂದೆ ನೋಡಿದಳು.

"ಕೆಳಗ ಎಲ್ಲಾ ನೀಲಿ," ಅಂದಳು.

"ಹೂಂ."

"ಅದರ ಮ್ಯಾಲೆ ಬಿಳಿ ಗೀಟು. ಸೊಟ್ಟಸೊಟ್ಟ."

ನಾನು ನೋಡಿದೆ. ನೀಲಿ ಎಲ್ಲಿಯೂ ಇರಲಿಲ್ಲ. ದಂಡೆಯ ನೀರು ಕೆಮ್ಮಣ್ಣಿನ ಬಣ್ಣದ್ದು, ಆಚೆ ಬೂದಿ, ಇನ್ನೂ ಆಚೆ ಕಣ್ಣು ಕೋರೈಸುವ ಹೊಳಪು. ತೆರೆಗಳು ಗೀಟಿನ ಹಾಗೆ ಮಲಗಿರಲಿಲ್ಲ. ಎದ್ದು, ಮಗುಚಿ, ಒಡೆದು, ಒಂದು ಹರಿದ ಚಪ್ಪಲಿಯನ್ನು ತಂದು ಹಾಕಿ ಮತ್ತೆ ಒಯ್ಯುತ್ತಿದ್ದವು. ಒಂದರ ಹಾಗೆ ಇನ್ನೊಂದು ಇರಲಿಲ್ಲ.

"ನಮ್ಮ ಗ್ವಾಡಿ ಮ್ಯಾಲಿನದರ ಹಂಗ ಐತಲ್ಲೋ ತಮ್ಮಾ," ಅಂದಳು ಅಕ್ಕ. "ನೀ ಛಂದಾಗಿ ನೋಡಿ ಹೇಳು. ಹಂಗ ಐತಿಲ್ಲೋ?"

"ಹೂಂ," ಅಂದೆ.